ಹಳೇ ವೀಸಾ ರಿಜೆಕ್ಟ್ ಆಗಿದ್ದನ್ನು ಹೊಸ ಅರ್ಜಿಯಲ್ಲಿ ಹೇಳಲೇಬೇಕಾ?

ಪ್ರಶ್ನೆ: ಎರಡು ವರ್ಷದ ಹಿಂದೆ ಕೆನಡಾ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿದ್ದೆ, ರಿಜೆಕ್ಟ್ ಆಯಿತು. ಈಗ ಯುಕೆಯಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿದೆ. ಬೇರೆ ಯಾವುದಾದರೂ ದೇಶ ನಿಮಗೆ ವೀಸಾ ನಿರಾಕರಿಸಿದೆಯಾ ಅಂತ ಫಾರಂನಲ್ಲಿ ಕೇಳಿದ್ದಾರೆ. ಏಜೆಂಟ್ "ಇಲ್ಲ ಅಂತ ಹಾಕಿ, ಕೆನಡಾದ ವಿಷಯ ಇವರಿಗೆ ಹೇಗೆ ಗೊತ್ತಾಗುತ್ತೆ" ಅಂತಾರೆ. ಹೌದು ಅಂದರೆ ಇದೂ ಕೈತಪ್ಪುತ್ತಾ ಅಂತ ಭಯ. ಏನು ಮಾಡಲಿ?

ಉತ್ತರ: 'ಹೌದು' ಅಂತಲೇ ಹಾಕಿ. ಏಜೆಂಟ್ ಎಷ್ಟು ಧೈರ್ಯ ಹೇಳಿದರೂ ಸರಿ. ಹಿಂದೆ ರಿಜೆಕ್ಟ್ ಆಗಿದೆ ಅನ್ನೋದೊಂದೇ ಕಾರಣಕ್ಕೆ ಯುಕೆ ಸ್ಟೂಡೆಂಟ್ ವೀಸಾ ನಿರಾಕರಿಸುವ ನಿಯಮ ಇಲ್ಲ. ಮುಚ್ಚಿಟ್ಟರೆ ನಿರಾಕರಿಸುವ ನಿಯಮ ಇದೆ.

ಮೊದಲು ಆ "ಹೇಗೆ ಗೊತ್ತಾಗುತ್ತೆ" ಅನ್ನೋ ಮಾತು ನೋಡೋಣ. ಅಮೆರಿಕ, ಯುಕೆ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದು ದೇಶಗಳು ವಲಸೆ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುತ್ತವೆ. ಇದು ಗುಟ್ಟೇನಲ್ಲ, ಅವರೇ ಬಹಿರಂಗವಾಗಿ ಹೇಳಿಕೊಂಡಿರುವ ವ್ಯವಸ್ಥೆ. ಅಲ್ಲಿ ತಾಳೆ ನೋಡುವುದು ಮುಖ್ಯವಾಗಿ ಬೆರಳಚ್ಚನ್ನು. ಕೆನಡಾಕ್ಕೆ ಬಯೋಮೆಟ್ರಿಕ್ಸ್ ಕೊಟ್ಟಾಗಲೇ ನಿಮ್ಮ ಗುರುತು ಅಲ್ಲಿ ಸೇರಿತು, ಈಗ ಯುಕೆಗೂ ಅದೇ ಬೆರಳು ಕೊಡುತ್ತೀರಿ, ಅಲ್ವಾ? ಪಾಸ್‌ಪೋರ್ಟ್ ಹೊಸದು ಮಾಡಿಸಿದರೆ ಹಳೇದೆಲ್ಲ ಅಳಿಸಿಹೋಗುತ್ತೆ ಅಂತ ನಂಬಿದವರು ಇನ್ನೂ ಇದ್ದಾರೆ. ಪಾಸ್‌ಪೋರ್ಟ್ ನಂಬರ್ ಬದಲಾಗುತ್ತೆ, ಬೆರಳು ಬದಲಾಗಲ್ಲ. ಪ್ರತಿ ಅರ್ಜಿಯನ್ನೂ ಹೀಗೆ ತಾಳೆ ನೋಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ನಿಮ್ಮದನ್ನು ನೋಡಲ್ಲ ಅಂತ ಏಜೆಂಟ್ ಯಾವ ಧೈರ್ಯದ ಮೇಲೆ ಹೇಳುತ್ತಾರೋ ಗೊತ್ತಿಲ್ಲ.

ಸಿಕ್ಕಿಬಿದ್ದರೆ ಬರೀ ಈ ವೀಸಾ ಹೋಗುವುದಿಲ್ಲ. ಯುಕೆಯಲ್ಲಿ ಅರ್ಜಿಯಲ್ಲಿ ಮೋಸ ಮಾಡಿದ್ದಾರೆ ಅಂತ ತೀರ್ಮಾನವಾದರೆ ಮುಂದಿನ ಅರ್ಜಿಗಳಿಗೆ 10 ವರ್ಷ ನಿಷೇಧ ಬೀಳಬಹುದು. ಕೆನಡಾದಲ್ಲಿ ತಪ್ಪು ಮಾಹಿತಿಗೆ 5 ವರ್ಷ ಬಾಗಿಲು ಮುಚ್ಚುತ್ತೆ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ 3 ವರ್ಷ. ಅಮೆರಿಕದ್ದು ಎಲ್ಲಕ್ಕಿಂತ ಕಠಿಣ: ಬೇಕಂತಲೇ ಮುಖ್ಯ ವಿಷಯದಲ್ಲಿ ಸುಳ್ಳು ಹೇಳಿದ್ದು ಸಾಬೀತಾದರೆ ಅನರ್ಹತೆ ಜೀವಮಾನದ್ದು, ಆಮೇಲೆ ಪ್ರತಿ ಸಲ ವಿಶೇಷ ವಿನಾಯಿತಿ ಕೇಳಿಕೊಂಡೇ ಹೋಗಬೇಕು. ಎರಡು ವರ್ಷ ಹಳೇ ರಿಜೆಕ್ಷನ್ ಮುಚ್ಚೋಕೆ ಇಷ್ಟು ದೊಡ್ಡ ಅಪಾಯ ಯಾಕೆ?

ಇನ್ನೊಂದು ವಿಷಯ. ಎಲ್ಲ ದೇಶಗಳೂ ಒಂದೇ ಪ್ರಶ್ನೆ ಕೇಳುವುದಿಲ್ಲ, ಹಾಗಾಗಿ ಫಾರಂನಲ್ಲಿರುವ ಸಾಲನ್ನು ಪೂರ್ತಿ ಓದಿ. ಯುಕೆ, ಕೆನಡಾ, ಆಸ್ಟ್ರೇಲಿಯಾ ಫಾರಂಗಳು ಬೇರೆ ದೇಶದ ರಿಜೆಕ್ಷನ್ ಬಗ್ಗೆಯೂ ಕೇಳುತ್ತವೆ. ಅಮೆರಿಕದ ವೀಸಾ ಅರ್ಜಿ ಫಾರಂ ಆದ ಡಿಎಸ್-160 ಕೇಳುವುದು ಅಮೆರಿಕದ ವೀಸಾ ನಿರಾಕರಣೆ ಬಗ್ಗೆ. ಅಲ್ಲಿ 221(ಜಿ) ಅಂತ ಚೀಟಿ ಕೊಟ್ಟು ಇನ್ನಷ್ಟು ದಾಖಲೆ ತನ್ನಿ ಅಂದಿದ್ದೂ ಕಾನೂನಿನ ಪ್ರಕಾರ ನಿರಾಕರಣೆಯೇ, ಅನೇಕರು ಇದನ್ನು ಲೆಕ್ಕಕ್ಕೇ ಹಿಡಿಯಲ್ಲ. ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಫಾರಂನಲ್ಲಿ ಹಿಂದೆ ಷೆಂಗೆನ್ ವೀಸಾಗೆ ಬೆರಳಚ್ಚು ಕೊಟ್ಟಿದ್ದೀರಾ ಅಂತ ಕೇಳುತ್ತಾರೆ. ಆ ದೇಶಗಳ ನಡುವೆ ವಿಐಎಸ್ ಅನ್ನೋ ಒಂದೇ ಡೇಟಾಬೇಸ್ ಇದ್ದು, ನಿರಾಕರಿಸಿದ ಅರ್ಜಿಗಳೂ 5 ವರ್ಷದವರೆಗೆ ಅದರಲ್ಲಿ ಇರುತ್ತವೆ. ಫ್ರಾನ್ಸ್ ಬೇಡ ಅಂದಿದ್ದು ಇಟಲಿಗೆ ಕಾಣುತ್ತೆ. 'ಎಂದಾದರೂ' ಅಂತ ಕೇಳಿದ್ದರೆ ಎಂದಾದರೂ ಅಂತಲೇ ಅರ್ಥ: ಟೂರಿಸ್ಟ್ ವೀಸಾ, ವರ್ಕ್ ಪರ್ಮಿಟ್, ಚಿಕ್ಕವರಿದ್ದಾಗ ಅಪ್ಪ ಅಮ್ಮ ನಿಮ್ಮ ಹೆಸರಲ್ಲಿ ಹಾಕಿದ್ದು, ಎಲ್ಲಾ ಸೇರುತ್ತೆ.

ಸರಿ, ಹೌದು ಅಂತ ಹಾಕಿದಿರಿ. ಮುಂದೆ ವಿವರ ಕೇಳುತ್ತಾರೆ. ಇಲ್ಲಿ ಎರಡು ಪುಟದ ಕಥೆ ಬೇಡ. ಯಾವ ದೇಶ, ಯಾವ ವೀಸಾ, ಯಾವ ತಿಂಗಳು, ಪತ್ರದಲ್ಲಿ ಕೊಟ್ಟ ಕಾರಣ, ಈಗ ಏನು ಬದಲಾಗಿದೆ, ಇಷ್ಟು ಸಾಕು. ಉದಾಹರಣೆಗೆ: "ಕೆನಡಾ ಸ್ಟಡಿ ಪರ್ಮಿಟ್ ಅರ್ಜಿ ನಿರಾಕರಣೆಯಾಗಿತ್ತು. ಹಣಕಾಸಿನ ದಾಖಲೆ ಸಾಲದು ಎಂಬ ಕಾರಣ ಕೊಟ್ಟಿದ್ದರು. ಈಗ ಎಜುಕೇಷನ್ ಲೋನ್ ಮಂಜೂರಾಗಿದೆ, ಪತ್ರ ಲಗತ್ತಿಸಿದೆ." ಆ ಅಧಿಕಾರಿ ಅನ್ಯಾಯ ಮಾಡಿದರು, ಫೈಲ್ ಸರಿಯಾಗಿ ನೋಡಲೇ ಇಲ್ಲ ಅಂತೆಲ್ಲ ಬರೆಯಬೇಡಿ. ನಿಜವೇ ಇರಬಹುದು, ಆದರೆ ಅದರಿಂದ ಈಗ ಏನೂ ಸಿಗಲ್ಲ.

ಹಳೇ ರಿಜೆಕ್ಷನ್ ಪತ್ರ ಕಳೆದುಹೋಗಿದ್ದರೆ ನಿಮ್ಮ ಆನ್‌ಲೈನ್ ಖಾತೆಯಲ್ಲಿ ಹುಡುಕಿ. ಕಾರಣವನ್ನು ನೆನಪಿನಿಂದ ಊಹಿಸಿ ಬರೆಯುವುದಕ್ಕಿಂತ ಪತ್ರ ನೋಡಿ ಬರೆಯುವುದು ಒಳ್ಳೆಯದು. ಕೆನಡಾದ ಪತ್ರಗಳು ಮೊದಲೆಲ್ಲ ಒಂದೇ ಅಚ್ಚಿನ ಸಾಲುಗಳಲ್ಲಿ ಇರುತ್ತಿದ್ದವು, ಓದಿದರೂ ಏನೂ ತಿಳಿಯುತ್ತಿರಲಿಲ್ಲ. 2025ರ ಜುಲೈ ಕೊನೆಯಿಂದ ಕೆಲವು ಬಗೆಯ ಅರ್ಜಿಗಳಿಗೆ ಅಧಿಕಾರಿ ಬರೆದ ಟಿಪ್ಪಣಿಯನ್ನೂ ಜೊತೆಗೆ ಕೊಡುತ್ತಿದ್ದಾರೆ. ನಿಮ್ಮದು ಅದಕ್ಕಿಂತ ಮುಂಚಿನದಾದ್ದರಿಂದ ಪತ್ರದಲ್ಲಿರುವ ಒಂದೆರಡು ಸಾಲಿನ ಕಾರಣವನ್ನೇ ಬರೆಯಿರಿ.

ಇನ್ನು ನಿಮ್ಮ ಭಯದ ವಿಷಯ. ಯುಕೆ ಸ್ಟೂಡೆಂಟ್ ವೀಸಾ ಪಾಯಿಂಟ್ ಲೆಕ್ಕದಲ್ಲಿ ನಡೆಯುತ್ತೆ: ಒಟ್ಟು 70 ಬೇಕು, ಅದರಲ್ಲಿ ವಿಶ್ವವಿದ್ಯಾಲಯ ಕೊಡುವ ಸಿಎಎಸ್‌ಗೆ (ಸೀಟು ಖಚಿತಪಡಿಸುವ ದಾಖಲೆ) 50, ಹಣಕ್ಕೆ 10, ಇಂಗ್ಲಿಷ್‌ಗೆ 10. ಹಳೇ ರಿಜೆಕ್ಷನ್ನಿಗೆ ಅಂತ ಪಾಯಿಂಟ್ ಕಳೆಯುವ ಪದ್ಧತಿ ಇಲ್ಲ. ನೀವು ನಿಜವಾಗಿ ಓದೋಕೆ ಹೋಗುತ್ತಿದ್ದೀರಾ ಅಂತ ಇಂಟರ್‌ವ್ಯೂನಲ್ಲಿ ಕೇಳಬಹುದು, ಆಗ ಕೆನಡಾ ಮಾತೂ ಬರಬಹುದು. ಫಾರಂನಲ್ಲಿ ಬರೆದಿದ್ದನ್ನೇ ಹೇಳಿದರೆ ಮುಗಿಯಿತು. ನನ್ನ ಕೇಳಿದರೆ ನೀವು ತಲೆ ಕೆಡಿಸಿಕೊಳ್ಳಬೇಕಾಗಿರುವುದು ಹಣದ ದಾಖಲೆ ಬಗ್ಗೆ. ಉಳಿತಾಯದ ಹಣ ತೋರಿಸುವುದಾದರೆ ಅದು ಖಾತೆಯಲ್ಲಿ ಸತತ 28 ದಿನ ಇರಬೇಕು, ಒಂದು ದಿನ ಕೂಡ ತೋರಿಸಬೇಕಾದ ಮೊತ್ತಕ್ಕಿಂತ ಕೆಳಗೆ ಇಳಿಯಬಾರದು. ಆ 28 ದಿನ ಮುಗಿಯುವ ತಾರೀಕು ಅರ್ಜಿ ಹಾಕುವ ದಿನಕ್ಕಿಂತ 31 ದಿನಕ್ಕೂ ಜಾಸ್ತಿ ಹಳೇದಾಗಿರಬಾರದು. ಇಲ್ಲಿ ಎಡವಿ ವೀಸಾ ಕಳೆದುಕೊಂಡರೆ, ಹಳೇ ರಿಜೆಕ್ಷನ್ ಹೇಳಿದ್ದಕ್ಕೇ ಹೀಗಾಯಿತು ಅಂತ ಆಮೇಲೆ ಏಜೆಂಟ್ ನಿಮಗೇ ಹೇಳುತ್ತಾರೆ ನೋಡಿ.

ಅಂದಹಾಗೆ, ಫಾರಂ ತುಂಬಿದವರು ಏಜೆಂಟ್ ಆದರೂ ಅದರಲ್ಲಿರುವ ಮಾತಿಗೆ ಜವಾಬ್ದಾರಿ ನಿಮ್ಮದೇ. ನಿಷೇಧ ಬೀಳುವುದು ನಿಮ್ಮ ಹೆಸರಿಗೆ, ಏಜೆಂಟ್ ನಾಳೆ ಬೇರೆಯವರ ಫೈಲ್ ಹಿಡಿದು ಕೂತಿರುತ್ತಾರೆ. ಸಬ್‌ಮಿಟ್ ಮಾಡುವ ಮೊದಲು ತುಂಬಿದ ಫಾರಂನ ಪಿಡಿಎಫ್ ಕೇಳಿ ಪಡೆದು ಪ್ರತಿ ಉತ್ತರವನ್ನೂ ನೀವೇ ಓದಿ. ಲಾಗಿನ್ ಕೂಡ ನಿಮ್ಮ ಇಮೇಲ್‌ನಲ್ಲೇ ಇರಲಿ. ಒಂದು ವೇಳೆ 'ಇಲ್ಲ' ಅಂತ ಹಾಕಿ ಈಗಾಗಲೇ ಕಳಿಸಿಬಿಟ್ಟಿದ್ದರೆ ತೀರ್ಮಾನ ಬರುವವರೆಗೆ ಕಾಯಬೇಡಿ. ಅವರು ಕಂಡುಹಿಡಿಯುವ ಮೊದಲೇ ವೀಸಾ ಕಚೇರಿಗೆ ಬರೆದು ತಿದ್ದಿ, ಬರೆದಿದ್ದರ ಪ್ರತಿ ಇಟ್ಟುಕೊಳ್ಳಿ. ಸುಳ್ಳು ಉತ್ತರ ಕೊಟ್ಟು ಹಿಂದೆ ಯಾವುದಾದರೂ ವೀಸಾ ಪಡೆದಿದ್ದರೆ ಮಾತ್ರ ಆ ದೇಶದ ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳಿ, ಏಜೆಂಟರನ್ನಲ್ಲ.