ಬೀಡಿ ಸೇದುವವರಿಗೆ ವಿಟಮಿನ್ ಮಾತ್ರೆ ಏಕೆ ಬರೆಯುವುದಿಲ್ಲ

"ಅಪ್ಪ ಬೀಡಿ ಬಿಡ್ತಾ ಇಲ್ಲ ಡಾಕ್ಟ್ರೇ. ಕ್ಯಾನ್ಸರ್ ಬರದೇ ಇರೋ ಹಾಗೆ ಒಂದು ವಿಟಮಿನ್ ಮಾತ್ರೆಯಾದ್ರೂ ಬರ್ಕೊಡಿ" ಎಂದು ಮಕ್ಕಳು ಕೇಳುವುದುಂಟು. ಅಪ್ಪನ ಮೇಲಿನ ಪ್ರೀತಿಯಿಂದ ಕೇಳುತ್ತಾರೆ. ಆದರೂ ನಾನು ಬರೆಯುವುದಿಲ್ಲ. ಕಾರಣ ಫಿನ್‌ಲೆಂಡಿನಲ್ಲಿದೆ.

ಕ್ಯಾರೆಟ್ಟು, ಸೊಪ್ಪು ಚೆನ್ನಾಗಿ ತಿನ್ನುವವರಲ್ಲಿ, ರಕ್ತದಲ್ಲಿ ಬೀಟಾ ಕ್ಯಾರೊಟಿನ್ (ಇವುಗಳಲ್ಲಿರುವ, ದೇಹ ವಿಟಮಿನ್ ಎ ಮಾಡಿಕೊಳ್ಳುವ ಅಂಶ) ಹೆಚ್ಚಿರುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಹಳೆಯ ಅಧ್ಯಯನಗಳು ಹೇಳಿದ್ದವು. ಹಾಗಾದರೆ ಅದನ್ನೇ ಮಾತ್ರೆ ಮಾಡಿ ಕೊಟ್ಟರೆ? 1985ರಲ್ಲಿ ಅಲ್ಲಿ ಶುರುವಾದ ಪ್ರಯೋಗಕ್ಕೆ 50ರಿಂದ 69 ವರ್ಷದ 29,133 ಧೂಮಪಾನಿ ಗಂಡಸರು ಸೇರಿದರು. ಚೀಟಿ ಎತ್ತಿದಂತೆ ಗುಂಪು ಮಾಡಿ, ಅರ್ಧದಷ್ಟು ಜನರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಕೊಟ್ಟರು. 1994ರಲ್ಲಿ ಲೆಕ್ಕ ಹೊರಬಿತ್ತು: ಅದನ್ನು ತೆಗೆದುಕೊಳ್ಳದವರಲ್ಲಿ 402 ಮಂದಿಗೆ ಶ್ವಾಸಕೋಶದ ಕ್ಯಾನ್ಸರ್, ನುಂಗಿದವರಲ್ಲಿ 474 ಮಂದಿಗೆ. ಅಮೆರಿಕದಲ್ಲಿ ಧೂಮಪಾನಿಗಳಿಗೂ ಕಲ್ನಾರು (ಆಸ್ಬೆಸ್ಟಾಸ್) ಕಾರ್ಮಿಕರಿಗೂ ಬೀಟಾ ಕ್ಯಾರೊಟಿನ್ ಜೊತೆ ವಿಟಮಿನ್ ಎ ಸೇರಿಸಿ ಕೊಟ್ಟ ಇಂಥದೇ ಪ್ರಯೋಗವನ್ನು 1996ರ ಜನವರಿಯಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಹಳೆಯ ಅಧ್ಯಯನ ಮಾಡಿದವರು ಸುಳ್ಳು ಹೇಳಿರಲಿಲ್ಲ. ಸೊಪ್ಪು ತರಕಾರಿ ತಿನ್ನುವವರು ಸೇದುವುದೂ ಕಡಿಮೆ. ಹೊಗೆಯೇ ರಕ್ತದ ಬೀಟಾ ಕ್ಯಾರೊಟಿನ್ನನ್ನು ಇಳಿಸುತ್ತದೆ. ರಕ್ತದಲ್ಲಿ ಕಂಡದ್ದು ಅವರ ಬದುಕಿನ ಗುರುತು. ಅದನ್ನೇ ಕಾರಣ ಎಂದುಕೊಂಡೆವು. ಗುಂಪು ಹಂಚುವಾಗ ಚೀಟಿ ಎತ್ತುವುದು ಈ ಗೊಂದಲ ಕಳೆಯಲೆಂದೇ. ಯಾವ ಆಹಾರದ ಸುದ್ದಿ ಓದಿದರೂ ನಾನು ಮೊದಲು ಹುಡುಕುವುದು ಇದನ್ನೇ.

ಇನ್ನೊಂದು ಮಾತು. ಫಿನ್‌ಲೆಂಡಿನ ಫಲಿತಾಂಶವನ್ನು "18% ಹೆಚ್ಚಳ" ಎಂದು ಬರೆಯುತ್ತಾರೆ. ನೂರಕ್ಕೆ 18 ಜನರಿಗೆ ಕ್ಯಾನ್ಸರ್ ಬಂತೆಂದು ಓದುವವರು ಹೆದರುತ್ತಾರೆ. ನಿಜದಲ್ಲಿ ಸಾವಿರಕ್ಕೆ ಸುಮಾರು 28 ಇದ್ದದ್ದು 33 ಆಯಿತು. ಅದೂ ಸೇದುವವರಲ್ಲಿ. ಹೆಚ್ಚಿನವರು ಸೇದದೇ ಇದ್ದ ಸುಮಾರು 22,000 ಅಮೆರಿಕನ್ ವೈದ್ಯರು 12 ವರ್ಷ ಬೀಟಾ ಕ್ಯಾರೊಟಿನ್ ಅಥವಾ ಹುಸಿಮಾತ್ರೆ ತೆಗೆದುಕೊಂಡಾಗ ಲಾಭವೂ ಕಾಣಲಿಲ್ಲ, ಹಾನಿಯೂ ಕಾಣಲಿಲ್ಲ. ಆದ್ದರಿಂದ ಕೊರತೆಗೆಂದು ವೈದ್ಯರು ಬರೆದ ಬಿ12 ಮಾತ್ರೆಯನ್ನು ಇದನ್ನೋದಿ ದಯವಿಟ್ಟು ಬಿಡಬೇಡಿ.

ಮಾತ್ರೆ ಕೇಳಿದ ಮಕ್ಕಳಿಗೆ, ಮುಂದಿನ ಸಲ ಅಪ್ಪನನ್ನೇ ಕರೆದುಕೊಂಡು ಬನ್ನಿ ಎನ್ನುತ್ತೇನೆ. ಚೀಟಿಯ ಮೇಲೆ ತಂಬಾಕು ಬಿಡಿಸುವ ಸಹಾಯವಾಣಿ 1800-112-356 ಬರೆದು ಕೊಡುತ್ತೇನೆ.