ಗೆರೆಗೆ ತೂಕವಿಲ್ಲ, ಮೈಗೆ ಇದೆ

ಬಾಣಲೆ ಕಾದಿದೆ. ಜೆಟ್ ಬ್ಲ್ಯಾಕ್ ಎಂಬ ದೊಡ್ಡ ಮೈಕಟ್ಟಿನ ಮನುಷ್ಯ ದೊಣ್ಣೆ ಮೆಣಸಿನಕಾಯಿ ಹುರಿಯುತ್ತಿದ್ದಾನೆ. ಬಾಹ್ಯಾಕಾಶ ಹಡಗಿನ ಇನ್ನೊಂದು ಕಡೆ, ಅರೆಗತ್ತಲಲ್ಲಿ, ಸ್ಪೈಕ್ ಸ್ಪೀಗಲ್ ಒಬ್ಬನೇ ಕೈಕಾಲು ಬೀಸಿ ಕಾದಾಟದ ಅಭ್ಯಾಸ ಮಾಡುತ್ತಿದ್ದಾನೆ. ಊಟಕ್ಕೆ ಬಂದರೆ ತಟ್ಟೆಯಲ್ಲಿ ಬರೀ ಮೆಣಸಿನಕಾಯಿ. ಮಾಂಸ ಹಾಕಬೇಕಾದ ಅಡುಗೆ, ಮಾಂಸವೇ ಇಲ್ಲ. ಕೈಯಲ್ಲಿ ದುಡ್ಡಿಲ್ಲ. ಎರಡು ನಿಮಿಷದೊಳಗೆ ಈ ಇಬ್ಬರ ಬದುಕು ಹೇಗಿದೆ ಅಂತ ಪೂರ್ತಿ ಗೊತ್ತಾಗಿಬಿಡುತ್ತದೆ.

‘ಕೌಬಾಯ್ ಬಿಬಾಪ್’ ಎಂಬ ಅನಿಮೆಯ, ಅಂದರೆ ಜಪಾನಿನ ಅನಿಮೇಷನ್ ಸರಣಿಯ, ಮೊದಲ ಕಂತಿನ ಈ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಕಥೆ ನಡೆಯುವುದು 2071ರಲ್ಲಿ. ಭೂಮಿ ಹಾಳಾಗಿದೆ. ಜನ ಮಂಗಳ, ಗುರುಗ್ರಹದ ಚಂದ್ರ ಗ್ಯಾನಿಮೀಡ್ ಅಂತ ಸೌರಮಂಡಲದ ತುಂಬ ಚದುರಿ ಹೋಗಿದ್ದಾರೆ. ತಲೆಗೆ ಬಹುಮಾನ ಕಟ್ಟಿದ ಅಪರಾಧಿಗಳನ್ನು ಹಿಡಿದುಕೊಟ್ಟು ಹೊಟ್ಟೆ ಹೊರೆಯುವವರ ಕಥೆ ಇದು. ಶಿನಿಚಿರೊ ವಾತನಾಬೆ ನಿರ್ದೇಶಿಸಿದ ಈ 26 ಕಂತುಗಳು 1998ರ ಏಪ್ರಿಲ್‌ನಲ್ಲಿ ಜಪಾನಿನ ಟಿವಿಯಲ್ಲಿ ಶುರುವಾದವು. ಆಮೇಲೆ ಜಗತ್ತೆಲ್ಲ ಸುತ್ತಿದವು.

2021ರ ನವೆಂಬರ್ 19ರಂದು ಅದೇ ಕಥೆ ನಿಜವಾದ ನಟರೊಂದಿಗೆ ನೆಟ್‌ಫ್ಲಿಕ್ಸ್‌ಗೆ ಬಂತು. ಸ್ಪೈಕ್ ಆಗಿ ಜಾನ್ ಚೋ, ಜೆಟ್ ಆಗಿ ಮುಸ್ತಫಾ ಶಕೀರ್, ಇವರ ಜೊತೆ ಸೇರುವ ಫೇ ಆಗಿ ಡ್ಯಾನಿಯೆಲಾ ಪಿನೆಡಾ. ಹತ್ತು ಕಂತು. ಡಿಸೆಂಬರ್ 9ಕ್ಕೆ, ಅಂದರೆ ಮೂರು ವಾರ ತುಂಬುವ ಮೊದಲೇ, ಇನ್ನು ಮುಂದುವರಿಸುವುದಿಲ್ಲ ಎಂಬ ಸುದ್ದಿಯೂ ಬಂತು.

ಸಂಭಾಷಣೆ ಸರಿಯಿಲ್ಲ, ಕಥೆಯನ್ನು ಎಳೆದಿದ್ದಾರೆ ಅಂತೆಲ್ಲ ಜನ ಹೇಳಿದರು. ಇರಬಹುದು. ನನ್ನನ್ನು ಕಾಡಿದ್ದು ಬೇರೆ. ಅದೇ ನೀಲಿ ಸೂಟು, ಅದೇ ಕೆದರಿದ ಕೂದಲು, ಅದೇ ಒದೆತ. ಗೆರೆಯಲ್ಲಿ ನೋಡಿದಾಗ ಮೈ ಜುಮ್ಮೆಂದಿದ್ದು ಮನುಷ್ಯರ ಮೇಲೆ ಬಂದಾಗ ಯಾಕೆ ವೇಷ ಹಾಕಿಕೊಂಡ ಹಾಗೆ ಕಂಡಿತು? ನಟರಂತೂ ಜೀವ ತೇದಿದ್ದಾರೆ. ಅವರ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದೆಲ್ಲ ನಮ್ಮ ಕಣ್ಣು ಮತ್ತು ಮಿದುಳಿನ ವಿಷಯ.

ಒಂದು ಕೆಲಸ ಮಾಡಿ. ಯಾವುದಾದರೂ ಅನಿಮೆ ಹಾಕಿ, ನಿಲ್ಲಿಸಿ, ಒಂದೊಂದೇ ಫ್ರೇಮ್ ಮುಂದೆ ತಳ್ಳಿ. ಬಟನ್ ಒತ್ತುತ್ತೀರಿ, ಚಿತ್ರ ಅಲುಗುವುದಿಲ್ಲ. ಮತ್ತೆ ಒತ್ತುತ್ತೀರಿ, ಇಲ್ಲ. ಮೂರನೇ ಸಲ ಕೈ ಚಕ್ಕನೆ ಮೇಲೇರಿರುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಅನಿಮೆಯಲ್ಲೂ ಅಷ್ಟೇ ಫ್ರೇಮ್ ಓಡುತ್ತವೆ, ಆದರೆ ಒಂದೇ ಚಿತ್ರವನ್ನು ಎರಡು ಅಥವಾ ಮೂರು ಫ್ರೇಮ್ ತನಕ ಹಿಡಿದಿಡುತ್ತಾರೆ. ಹಾಗಾಗಿ ಸೆಕೆಂಡಿಗೆ ಬರೆಯುವ ಚಿತ್ರ 12, ಎಷ್ಟೋ ಕಡೆ ಬರೀ 8. ಒಸಾಮು ತೆಜುಕಾ ಅವರ ‘ಆಸ್ಟ್ರೊ ಬಾಯ್’ 1963ರಲ್ಲಿ ವಾರಕ್ಕೊಂದು ಕಂತಿನಂತೆ ಟಿವಿಗೆ ಬಂದಾಗ ಈ ಉಳಿತಾಯ ಇಲ್ಲದೆ ಕೆಲಸ ಮುಗಿಯುತ್ತಲೇ ಇರಲಿಲ್ಲ. ಬಡತನದಲ್ಲಿ ಕಂಡುಕೊಂಡ ದಾರಿ ಆಮೇಲೆ ಒಂದು ಶೈಲಿಯೇ ಆಯಿತು.

ಎಂಟೇ ಚಿತ್ರವಿದ್ದರೂ ಕೈ ಬೀಸಿದ ಹಾಗೆ ಹೇಗೆ ಕಾಣುತ್ತದೆ? ಮ್ಯಾಕ್ಸ್ ವರ್ಥೈಮರ್ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೆ ದಾರಿ ತೋರಿಸಿದ್ದು 1912ರಲ್ಲಿ. ಎರಡು ಗೆರೆಗಳನ್ನು ಒಂದಾದ ಮೇಲೊಂದು, ಸೆಕೆಂಡಿನ ಸಣ್ಣ ಪಾಲಿನ ಅಂತರದಲ್ಲಿ ಬೆಳಗಿಸಿದರೆ ನೋಡುವವರಿಗೆ ಎರಡು ಗೆರೆ ಕಾಣುವುದಿಲ್ಲ. ಒಂದೇ ಗೆರೆ ಇಲ್ಲಿಂದ ಅಲ್ಲಿಗೆ ಸರಿದ ಹಾಗೆ ಕಾಣುತ್ತದೆ. ನಡುವಿನ ಚಲನೆ ಪರದೆಯ ಮೇಲೆ ಇರಲೇ ಇಲ್ಲ. ಅದನ್ನು ಮಿದುಳು ತಾನೇ ಹೆಣೆದುಕೊಂಡಿತು.

ಇದರ ಅರ್ಥ ಏನು ಗೊತ್ತಾ? ಸ್ಪೈಕ್‌ನ ಒದೆತದಲ್ಲಿ ಅರ್ಧದಷ್ಟು ಕೆಲಸ ನಮ್ಮದು. ಕಾಲು ಎತ್ತಿದ ಒಂದು ಚಿತ್ರ, ತಗುಲಿದ ಒಂದು ಚಿತ್ರ. ನಡುವಿನದನ್ನು ನಾವೇ ತುಂಬುತ್ತೇವೆ, ನಮಗೆ ಬೇಕಾದಷ್ಟು ರಭಸದಲ್ಲಿ. ಕ್ಯಾಮೆರಾ ಮುಂದೆ ನಿಂತ ನಟನಿಗೆ ಈ ಅನುಕೂಲ ಇಲ್ಲ. ನಡುವಿನ ಪ್ರತಿ ಫ್ರೇಮ್‌ನಲ್ಲೂ ಅವನ ಕಾಲು ನಿಜವಾಗಿ ಎಲ್ಲಿತ್ತೋ ಅಲ್ಲೇ ಇರುತ್ತದೆ.

ಮತ್ತೆ, ಮನುಷ್ಯನ ಮೈ ವಿಷಯಕ್ಕೆ ಬಂದರೆ ನಮ್ಮ ಕಣ್ಣಿನಷ್ಟು ಕಟ್ಟುನಿಟ್ಟು ಇನ್ನೊಂದಿಲ್ಲ. 1973ರಲ್ಲಿ ಸ್ವೀಡನ್ನಿನ ಗುನ್ನಾರ್ ಯೊಹಾನ್ಸನ್ ಒಬ್ಬರ ಭುಜ, ಮೊಣಕೈ, ಸೊಂಟ, ಮಂಡಿ, ಪಾದದ ಗಂಟಿಗೆ ಸಣ್ಣ ಬೆಳಕಿನ ಚುಕ್ಕೆ ಕಟ್ಟಿ ಕತ್ತಲಲ್ಲಿ ನಡೆಸಿದರು. ಪರದೆಯ ಮೇಲೆ ಹತ್ತು ಹನ್ನೆರಡು ಚುಕ್ಕೆ ಬಿಟ್ಟರೆ ಏನೂ ಇಲ್ಲ. ನಿಂತಿದ್ದಾಗ ಅದು ಸುಮ್ನೆ ಚುಕ್ಕೆಗಳ ಗುಂಪು. ಹೆಜ್ಜೆ ಇಟ್ಟ ಕೂಡಲೇ ನೋಡಿದವರೆಲ್ಲ ‘ಯಾರೋ ನಡೀತಿದ್ದಾರೆ’ ಎಂದರು. ಸೆಕೆಂಡಿನ ಐದನೇ ಒಂದು ಪಾಲು ಸಾಕಾಯಿತು. ಹುಟ್ಟಿ ಎರಡು ದಿನವಾದ ಕೂಸುಗಳು ಕೂಡ ಹೀಗೆ ಚುಕ್ಕೆಯಲ್ಲಿ ತೋರಿಸಿದ ಕೋಳಿಯ ನಡಿಗೆಯನ್ನು, ಸುಮ್ಮನೆ ಚೆಲ್ಲಾಪಿಲ್ಲಿ ಓಡುವ ಚುಕ್ಕೆಗಳಿಗಿಂತ ಜಾಸ್ತಿ ಹೊತ್ತು ನೋಡುತ್ತವೆ ಎಂದು 2008ರಲ್ಲಿ ಇಟಲಿಯ ಸಂಶೋಧಕರು ತೋರಿಸಿದರು. ನೀವೂ ನೋಡಿ, ಬಾಗಿಲ ಆಚೆ ಮೆಟ್ಟಿಲೇರುವ ಸದ್ದಿನಲ್ಲೇ ಬಂದವರು ಯಾರು, ಸುಸ್ತಾಗಿದ್ದಾರಾ ಇಲ್ವಾ ಅಂತ ಹೇಳಿಬಿಡುತ್ತೀರಿ, ಅಲ್ವಾ? ಜೀವವಿರುವ ಮೈ ಹೇಗೆ ಚಲಿಸುತ್ತದೆ ಎಂಬುದು ನಮ್ಮೊಳಗೆ ಅಷ್ಟು ಆಳದಲ್ಲಿದೆ.

ತೂಕದ ಲೆಕ್ಕವೂ ಹಾಗೆಯೇ ಒಳಗಿದೆ. ಇದಕ್ಕೊಂದು ಸೊಗಸಾದ ಪ್ರಯೋಗ ಉಂಟು. 1998ರ ಏಪ್ರಿಲ್‌ನಲ್ಲಿ, ಕೌಬಾಯ್ ಬಿಬಾಪ್ ಶುರುವಾದ ತಿಂಗಳಲ್ಲೇ, ಕೊಲಂಬಿಯಾ ಬಾಹ್ಯಾಕಾಶ ನೌಕೆ ‘ನ್ಯೂರೊಲ್ಯಾಬ್’ ಎಂಬ ಯಾನಕ್ಕೆ ಹೊರಟಿತು. ಅದರಲ್ಲಿ ಗಗನಯಾತ್ರಿಗಳಿಗೆ ಚೆಂಡು ಹಿಡಿಯುವ ಕೆಲಸ ಕೊಟ್ಟಿದ್ದರು. ಮೇಲಿನಿಂದ ಒಂದು ಯಂತ್ರ ಚೆಂಡನ್ನು ತಳ್ಳುತ್ತದೆ. ಭೂಮಿಯ ಮೇಲೆ ಚೆಂಡು ಬೀಳುತ್ತಾ ಬೀಳುತ್ತಾ ಜೋರಾಗುತ್ತದೆ. ತೂಕವಿಲ್ಲದ ಆ ನೌಕೆಯಲ್ಲಿ ಅದು ಒಂದೇ ವೇಗದಲ್ಲಿ ಬರುತ್ತದೆ. ಅದನ್ನು ಕಣ್ಣಾರೆ ನೋಡುತ್ತಿದ್ದರೂ ಯಾತ್ರಿಗಳ ಕೈ ಸ್ನಾಯು ಬೇಕಾದ್ದಕ್ಕಿಂತ ಮುಂಚೆಯೇ ಬಿಗಿಯುತ್ತಿತ್ತು. ಚೆಂಡು ಜೋರಾಗಿಯೇ ಆಗುತ್ತದೆ ಎಂದು ಮಿದುಳು ಮೊದಲೇ ತೀರ್ಮಾನಿಸಿತ್ತು. ಎರಡು ವಾರ ಕಳೆದರೂ ಆ ಅಭ್ಯಾಸ ಪೂರ್ತಿ ಹೋಗಲಿಲ್ಲ. ಭೂಮಿಯ ಗುರುತ್ವವನ್ನು ನಾವು ಮೈಯೊಳಗೆ ಹೊತ್ತುಕೊಂಡೇ ತಿರುಗುತ್ತೇವೆ, ಬಾಹ್ಯಾಕಾಶಕ್ಕೆ ಹೋದರೂ ಸರಿ.

ಈಗ ಒಂದು ನೆಗೆತದ ಲೆಕ್ಕ ಹಾಕೋಣ. ಒಳ್ಳೆಯ ಆಟಗಾರ ನಿಂತಲ್ಲಿಂದ ಅರ್ಧ ಮೀಟರ್ ಮೇಲೆ ಹಾರುತ್ತಾನೆ ಎಂದಿಟ್ಟುಕೊಳ್ಳಿ. ಅವನು ಗಾಳಿಯಲ್ಲಿ ಇರುವುದು ಒಟ್ಟು 0.64 ಸೆಕೆಂಡ್, ಅಂದರೆ ಹದಿನೈದು ಫ್ರೇಮ್. ಅನಿಮೆಯಲ್ಲಿ ಕಾದಾಡುವವರು ಎರಡು ಸೆಕೆಂಡ್ ಗಾಳಿಯಲ್ಲಿ ತೇಲುವುದು ಮಾಮೂಲು. ನಿಜವಾಗಿ ಎರಡು ಸೆಕೆಂಡ್ ತೇಲಬೇಕಾದರೆ 4.9 ಮೀಟರ್ ಎತ್ತರಕ್ಕೆ ನೆಗೆಯಬೇಕು, ಒಂದೂವರೆ ಮಹಡಿಗಿಂತ ಜಾಸ್ತಿ. ಗೆರೆಯಲ್ಲಿ ಇದು ನಮಗೆ ತಪ್ಪು ಅನ್ನಿಸುವುದೇ ಇಲ್ಲ. ಗೆರೆಗೆ ತೂಕ ಇದೆ ಅಂತ ಮಿದುಳು ನಂಬಿಯೇ ಇರಲಿಲ್ಲ. ಅದೇ ನೆಗೆತವನ್ನು ನಟನ ಸೊಂಟಕ್ಕೆ ತಂತಿ ಕಟ್ಟಿ ಮಾಡಿಸಿದರೆ? ತಂತಿಯನ್ನು ಕಂಪ್ಯೂಟರಿನಲ್ಲಿ ಅಳಿಸಬಹುದು. ತಂತಿ ಎಳೆದದ್ದನ್ನು ಅಳಿಸುವುದು ಕಷ್ಟ. ಕಾಲು ನೆಲವನ್ನು ಒದೆಯುವ ಮೊದಲೇ ಸೊಂಟ ಏರಿರುತ್ತದೆ, ಇಳಿಯುವಾಗ ಮಂಡಿ ಬಗ್ಗುವುದು ಕಡಿಮೆ. ಏನು ತಪ್ಪಾಯಿತು ಅಂತ ಹೇಳಲು ಬರುವುದಿಲ್ಲ, ಆದರೆ ಮನಸ್ಸು ಒಪ್ಪುವುದಿಲ್ಲ.

ಮೈಗೆ ಇನ್ನೂ ಒಂದು ಮಿತಿ ಇದೆ. ನೆಟ್‌ಫ್ಲಿಕ್ಸ್ ಸರಣಿಯ ಚಿತ್ರೀಕರಣ ನಡೆದದ್ದು ನ್ಯೂಜಿಲೆಂಡಿನಲ್ಲಿ. 2019ರ ಅಕ್ಟೋಬರ್‌ನಲ್ಲಿ ಸೆಟ್ಟಿನಲ್ಲೇ ಜಾನ್ ಚೋ ಅವರ ಮಂಡಿಗೆ ಪೆಟ್ಟಾಗಿ ಕೆಲಸ ತಿಂಗಳುಗಟ್ಟಲೆ ನಿಂತಿತು. ಕಥೆಯ ಸ್ಪೈಕ್‌ಗೆ 27 ವರ್ಷ, ಅವರಿಗೆ ಆಗ 47. ಚಿತ್ರದ ಸ್ಪೈಕ್‌ಗೆ ಮಂಡಿಯಲ್ಲಿ ಸ್ನಾಯುರಜ್ಜು ಇರಲಿಲ್ಲ, ಇವರಿಗೆ ಇತ್ತು. ಗುಣವಾಗಿ ಬಂದು ಅವರು ಮತ್ತೆ ಅದೇ ಒದೆತಗಳನ್ನು ಒದ್ದದ್ದು ನೆನೆದರೆ ಗೌರವ ಹುಟ್ಟುತ್ತದೆ.

ಮುಖದ ಮಾತು ಬಂದರೆ ಮಸಾಹಿರೊ ಮೋರಿ ಅವರನ್ನು ನೆನೆಯದೆ ಇರಲಾಗದು. ಟೋಕಿಯೊದ ಈ ಎಂಜಿನಿಯರು 1970ರಲ್ಲೇ ಬರೆದಿದ್ದರು: ಯಂತ್ರ ಮನುಷ್ಯನನ್ನು ಹೋಲುತ್ತಾ ಹೋದಂತೆ ನಮಗೆ ಅದರ ಮೇಲೆ ಅಕ್ಕರೆ ಏರುತ್ತದೆ, ಆದರೆ ಬಹುಪಾಲು ಹೋಲುವ ಹೊತ್ತಿಗೆ ಅಕ್ಕರೆ ಧಡಕ್ಕನೆ ಕುಸಿದು ಮೈ ಬೆವರುತ್ತದೆ. ಆ ಕುಸಿತವನ್ನು ಕನ್ನಡದಲ್ಲಿ ಕಸಿವಿಸಿಯ ಕಣಿವೆ ಅನ್ನಬಹುದು. ಇದು ಮಿದುಳಿನಲ್ಲಿ ಹೇಗೆ ಕಾಣುತ್ತದೆ ಎಂದು ಆಯ್ಷೆ ಸೈಗಿನ್ ಮತ್ತು ಸಂಗಡಿಗರು ಸ್ಕ್ಯಾನ್ ಮಾಡಿ ನೋಡಿದರು. 2012ರ ಅವರ ಪ್ರಬಂಧದಲ್ಲಿ ಮೂರು ಬಗೆಯ ವಿಡಿಯೊ ಇದ್ದವು. ಒಬ್ಬ ಹೆಂಗಸು ಕೈಬೀಸುವುದು, ನೀರು ಕುಡಿಯುವುದು. ಆಕೆಯಂತೆಯೇ ಮಾಡಿದ ಜಪಾನಿನ ರೋಬೋ ಅದನ್ನೇ ಮಾಡುವುದು. ಚರ್ಮ ತೆಗೆದು ತಂತಿ-ಲೋಹ ಕಾಣುವಂತೆ ಮಾಡಿದ ಅದೇ ರೋಬೋ. ಹೆಂಗಸನ್ನು ನೋಡುವಾಗ ಮಿದುಳು ಆರಾಮಾಗಿತ್ತು, ಲೋಹದ ರೋಬೋ ನೋಡುವಾಗಲೂ ಆರಾಮಾಗಿತ್ತು. ಮುಖ ಮನುಷ್ಯನದು, ಚಲನೆ ಯಂತ್ರದ್ದು ಎಂದಾಗ ಮಾತ್ರ ಗಡಿಬಿಡಿ. ಕಂಡದ್ದಕ್ಕೂ ನಿರೀಕ್ಷಿಸಿದ್ದಕ್ಕೂ ತಾಳೆಯಾಗದಿದ್ದಾಗ ಹೀಗಾಗುತ್ತದೆ ಎಂಬುದು ಅವರ ವಿವರಣೆ.

2019ರ ‘ಅಲಿಟಾ: ಬ್ಯಾಟಲ್ ಏಂಜೆಲ್’ ಸಿನಿಮಾದಲ್ಲಿ ಈ ಕಣಿವೆಯ ಅಂಚಿನಲ್ಲೇ ನಡೆದ ಒಂದು ತಿದ್ದುಪಡಿ ನನಗೆ ತುಂಬ ಇಷ್ಟ. ಯುಕಿತೊ ಕಿಶಿರೊ ಅವರ ಮೂಲ ಮಾಂಗಾದಲ್ಲಿ, ಅಂದರೆ ಜಪಾನಿ ಚಿತ್ರಕಥೆ ಪುಸ್ತಕದಲ್ಲಿ, ನಾಯಕಿ ಅಲಿಟಾಗೆ ದೊಡ್ಡ ಕಣ್ಣು. ಸಿನಿಮಾದವರೂ ಹಾಗೆಯೇ ಇಟ್ಟರು. ಮೊದಲ ಟ್ರೇಲರ್ ನೋಡಿ ಜನ ಮುಖ ಸಿಂಡರಿಸಿದರು. ತಂಡ ಆಮೇಲೆ ಕಣ್ಣನ್ನು ಚಿಕ್ಕದು ಮಾಡಲಿಲ್ಲ. ಪಾಪೆಯ ಸುತ್ತಲಿನ ಬಣ್ಣದ ಬಳೆಯನ್ನು ದೊಡ್ಡದು ಮಾಡಿತು. ಬಿಳಿ ಭಾಗ ಕಡಿಮೆಯಾಯಿತು, ನೋಟ ಮೆತ್ತಗಾಯಿತು. ಕಣ್ಣಿನ ಬಿಳಿ ಜಾಸ್ತಿ ಕಂಡರೆ ಹೆದರಿದ ಮುಖ ಅಂತ ಓದಿಕೊಳ್ಳುವುದು ನಮ್ಮ ಹಳೆಯ ಅಭ್ಯಾಸ. ಕೂದಲೆಳೆಯಷ್ಟು ಬದಲಾವಣೆ, ಆದರೆ ಸರಿಯಾದ ಜಾಗದಲ್ಲಿ.

ಇನ್ನು ಬಟ್ಟೆ. ಗೆರೆಯ ಸ್ಪೈಕ್‌ನ ಸೂಟಿಗೆ ಎರಡೇ ಬಣ್ಣ, ಬೆಳಕಿನ ನೀಲಿ ಮತ್ತು ನೆರಳಿನ ನೀಲಿ. ನಿಜವಾದ ಬಟ್ಟೆಗೆ ನೂಲಿದೆ, ಹೊಳಪಿದೆ, ಮೊಣಕೈಯಲ್ಲಿ ಸುಕ್ಕಿದೆ. ದೊಡ್ಡ ಟಿವಿಯ ಪರದೆಯಲ್ಲಿ ಅದು ಹೊಸದೋ ಹಳೆಯದೋ ಸ್ಪಷ್ಟ ಗೊತ್ತಾಗುತ್ತದೆ. ಊಟಕ್ಕೆ ಮಾಂಸ ತರಲು ದುಡ್ಡಿಲ್ಲದವನ ಮೈಮೇಲೆ ಆಗತಾನೆ ಹೊಲಿದಂತಿರುವ ಸೂಟು ಕಂಡರೆ ಕಥೆಯೇ ಸಡಿಲವಾಗುತ್ತದೆ. ನನ್ನ ಕಣ್ಣಿಗಂತೂ ಹಾಗೆ ಕಂಡಿತು.

ಇನ್ನು ಹಡಗು. ಸ್ಪೈಕ್, ಜೆಟ್ ಇರುವ ‘ಬಿಬಾಪ್’ ಹಡಗಿನಲ್ಲಿ ತಿರುಗುವ ಒಂದು ಉಂಗುರವಿದೆ. ಒಳಗಿರುವವರು ಹೊರಗೋಡೆಯ ಕಡೆಗೆ ಒತ್ತಲ್ಪಡುವುದರಿಂದ ಅವರಿಗೆ ಅಲ್ಲೇ ನೆಲ ಸಿಗುತ್ತದೆ. ಉಂಗುರದ ತ್ರಿಜ್ಯ 10 ಮೀಟರ್ ಎಂದಿಟ್ಟುಕೊಂಡರೆ ಭೂಮಿಯಷ್ಟೇ ತೂಕ ಬರಲು ನಿಮಿಷಕ್ಕೆ ಒಂಬತ್ತೂವರೆ ಸುತ್ತು ತಿರುಗಬೇಕು. ಆಗ ಪಾದಕ್ಕಿಂತ ತಲೆಯ ಬಳಿ ಗುರುತ್ವ ಸುಮಾರು 17 ಶೇಕಡ ಕಡಿಮೆ. ಚಕ್ಕನೆ ತಲೆ ತಿರುಗಿಸಿದರೆ ಹೊಟ್ಟೆ ತೊಳಸುತ್ತದೆ. ನಿಮಿಷಕ್ಕೆ ಎರಡೇ ಸುತ್ತಿನಲ್ಲಿ ಹಿತವಾಗಿ ಇರಬೇಕೆಂದರೆ 220 ಮೀಟರಿಗೂ ಮಿಕ್ಕಿದ ತ್ರಿಜ್ಯ ಬೇಕು. ಒಳಗಿರುವವರಿಗೆ ತೂಕ ಬೇಕು ಅಂತ ಅನಿಮೆಯವರಿಗೆ ಗೊತ್ತಿಲ್ಲದೆ ಇರಲಿಲ್ಲ; ಉಂಗುರ ಬರೆದದ್ದೇ ಅದಕ್ಕೆ. ಚಿತ್ರಕಾರನಿಗೆ ತೂಕವಿರುವ ಸ್ಪೈಕ್‌ನನ್ನು ಬರೆಯಲೂ ಒಂದು ಹಾಳೆ, ತೇಲುವ ಸ್ಪೈಕ್‌ನನ್ನು ಬರೆಯಲೂ ಒಂದು ಹಾಳೆ. ಸೆಟ್ಟಿನಲ್ಲಿ ಹಾಗಲ್ಲ. ತೇಲುವ ಒಂದೊಂದು ನಿಮಿಷಕ್ಕೂ ತಂತಿ, ಕ್ರೇನು, ದುಡ್ಡು. ಹಾಗಾಗಿ ಬಾಹ್ಯಾಕಾಶದ ಕಥೆಗಳಲ್ಲಿ ನಟರು ಹೆಚ್ಚಿನ ಹೊತ್ತು ನೆಲದ ಮೇಲೆಯೇ ನಡೆಯುತ್ತಾರೆ.

ಅನಿಮೆಯಿಂದ ಸರಣಿಗೆ ಒಂಚೂರೂ ಮುಕ್ಕಾಗದೆ ಬಂದದ್ದು ಸಂಗೀತ. ಎರಡಕ್ಕೂ ಯೊಕೊ ಕನ್ನೊ ಅವರದೇ ರಾಗ. ತುತ್ತೂರಿಗಳು ಒಮ್ಮೆಲೇ ಮೊಳಗುವ ಆ ಶೀರ್ಷಿಕೆಯ ಸಂಗೀತ ಕೇಳಿದರೆ ಈಗಲೂ ರೋಮ ನಿಲ್ಲುತ್ತದೆ. ಮೊದಲೂ ಅದನ್ನು ನುಡಿಸಿದ್ದು ಉಸಿರು ಕಟ್ಟಿ ಊದುವ ನಿಜವಾದ ಮನುಷ್ಯರು, ಆಮೇಲೂ ಅಂಥವರೇ. ದನಿಗೆ ಚಿತ್ರದ ರೂಪ, ಮೈಯ ರೂಪ ಅಂತ ಎರಡಿಲ್ಲ. ಬದಲಾಯಿಸಲು ಏನೂ ಇರಲಿಲ್ಲ.

ಹಾಗಾದರೆ ನಿಜವಾದ ಮೈಯಿಂದ ಅತಿಶಯ ಸಾಧ್ಯವೇ ಇಲ್ಲವಾ? ಯಕ್ಷಗಾನದ ಬಣ್ಣದ ವೇಷ ನೋಡಿದವರು ಹಾಗೆ ಹೇಳಲಾರರು. ಮುಖದ ತುಂಬ ಚುಟ್ಟಿ, ತಲೆಯ ಮೇಲೆ ಭಾರೀ ಕಿರೀಟ, ಪರದೆಯ ಹಿಂದಿನಿಂದ ಬರುವ ಅಟ್ಟಹಾಸ. ಒಳಗಿರುವುದು ನಮ್ಮಂತೆಯೇ ಒಬ್ಬ ಮನುಷ್ಯ. ಆದರೂ ಕಣ್ಣು ತಕರಾರು ತೆಗೆಯುವುದಿಲ್ಲ. ಹೆಜ್ಜೆ, ದನಿ, ಚೆಂಡೆ, ಮುಖ ಎಲ್ಲವೂ ಒಟ್ಟಿಗೆ ದಿನನಿತ್ಯದ ಅಳತೆ ಬಿಟ್ಟು ಮೇಲೇರಿರುತ್ತವೆ. ಮುಖ ಒಂದು ಮಾತು, ನಡಿಗೆ ಇನ್ನೊಂದು ಮಾತು ಆಡುವುದಿಲ್ಲ. 2023ರ ಆಗಸ್ಟಿನಲ್ಲಿ ಬಂದ ‘ಒನ್ ಪೀಸ್’ ಲೈವ್ ಆಕ್ಷನ್ (ನಿಜವಾದ ನಟರ) ಸರಣಿ ನನಗೆ ಹಿಡಿಸಿದ್ದೂ ಇದೇ ಕಾರಣಕ್ಕೆ. ರಬ್ಬರಿನಂತೆ ಕೈ ಚಾಚುವ ಹುಡುಗನ ಸುತ್ತ ಹಡಗು, ಟೋಪಿ, ನಗು ಎಲ್ಲವನ್ನೂ ಅದೇ ಅಳತೆಗೆ ಹಿಗ್ಗಿಸಿದ್ದರು. ಮೂಲ ಮಾಂಗಾ ಬರೆದ ಐಇಚಿರೊ ಓಡಾ ಅವರೇ ಜೊತೆಗಿದ್ದರು.

ಕೌಬಾಯ್ ಬಿಬಾಪ್‌ನ ಹತ್ತು ಕಂತುಗಳನ್ನು ನಾನು ಈಚೆಗೆ ಮತ್ತೊಮ್ಮೆ ನೋಡಿದೆ. ಈ ಸಲ ಕಣ್ಣು ನೆಟ್ಟದ್ದು ಐನ್ ಮೇಲೆ. ಐನ್ ಒಂದು ಕಾರ್ಗಿ ನಾಯಿ. ಅನಿಮೆಯಲ್ಲಿ ಅದಕ್ಕೆ ಉದ್ದ ಬೆನ್ನು, ಗೇಣುದ್ದದ ಕಾಲು, ತಲೆಗಿಂತ ದೊಡ್ಡವೇನೋ ಅನ್ನಿಸುವ ಕಿವಿ. ಸರಣಿಯಲ್ಲಿ ನಿಜವಾದ ಕಾರ್ಗಿಯನ್ನೇ ತಂದರು. ಅದಕ್ಕೂ ಉದ್ದ ಬೆನ್ನು, ಗೇಣುದ್ದದ ಕಾಲು, ಅಷ್ಟೇ ದೊಡ್ಡ ಕಿವಿ. ಹಡಗಿನ ನೆಲದ ಮೇಲೆ ಉಗುರು ಟಕಟಕ ಅನ್ನಿಸುತ್ತಾ, ಹಿಂಭಾಗ ಅಲ್ಲಾಡಿಸುತ್ತಾ ಅದು ಓಡಿ ಬರುತ್ತದೆ. ತನ್ನ ತೂಕವನ್ನು ತಾನೇ ಹೊತ್ತು, ಯಾರನ್ನೂ ಅನುಕರಿಸದೆ.