ದುಬೈಗೆ ಹೋಗೋಕೆ ನಾಲ್ಕು ತಾಸು, ಬರೋಕೆ ಮೂರೂವರೆ: ಇದ್ಯಾವ ಲೆಕ್ಕ?

ಕಲಬುರಗಿಯಲ್ಲಿ 2019ರಿಂದ ವಿಮಾನ ನಿಲ್ದಾಣ ಇದೆ. ಆದರೂ ದುಬೈಗೆ ಹೊರಟವರು ಹೆಚ್ಚಾಗಿ ಹೈದರಾಬಾದಿನ ಶಂಷಾಬಾದಿಗೇ ಹೋಗುತ್ತಾರೆ. ಅಲ್ಲಿಂದ ದುಬೈ ಸುಮಾರು 2,550 ಕಿ.ಮೀ.

ಟಿಕೆಟ್ಟಿನಲ್ಲಿ ಬೆಳಿಗ್ಗೆ 10ಕ್ಕೆ ಹೊರಟು 12.30ಕ್ಕೆ ತಲುಪುತ್ತದೆ ಅಂತ ಇದ್ದರೆ ಎರಡೂವರೆ ತಾಸಿನ ಹಾದಿ ಅಂದುಕೊಳ್ಳಬೇಡಿ. ಆ 12.30 ದುಬೈ ಗಡಿಯಾರದ್ದು, ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ. ಅಂದರೆ ನಿಜಕ್ಕೂ ನಾಲ್ಕು ತಾಸು. ವಾಪಸ್ ಬರುವಾಗ ಮಧ್ಯಾಹ್ನ 2ಕ್ಕೆ ಹೊರಟು ರಾತ್ರಿ 7ಕ್ಕೆ ಅಂತ ಇರುತ್ತದೆ, ಐದು ತಾಸಿನ ಹಾಗೆ ಕಾಣುತ್ತದೆ, ಒಂದೂವರೆ ಕಳೆದರೆ ಮೂರೂವರೆಯೇ. ಟಿಕೆಟ್ ನೋಡಿದರೆ ಹೋಗುವುದು ಬೇಗ, ಬರುವುದು ತಡ. ಆಕಾಶದಲ್ಲಿ ಅದು ಉಲ್ಟಾ.

ಈ ಅರ್ಧ ತಾಸು ಎಲ್ಲಿ ಹೋಯಿತು ಅಂದರೆ ತುಂಬಾ ಜನ ಭೂಮಿ ತಿರುಗುವುದರ ಕಡೆ ಬೆರಳು ತೋರಿಸುತ್ತಾರೆ. ಭೂಮಿ ಪೂರ್ವಕ್ಕೆ ತಿರುಗುವುದು ನಿಜ, ನಮ್ಮ ಅಕ್ಷಾಂಶದಲ್ಲಿ ನೆಲ ತಾಸಿಗೆ ಸುಮಾರು 1,600 ಕಿ.ಮೀ. ಓಡುತ್ತಿರುತ್ತದೆ. ಆದರೆ ಆ ತಿರುಗಾಟ ವಿಮಾನಕ್ಕೆ ಲೆಕ್ಕಕ್ಕೆ ಬರುವ ಹಾಗಿದ್ದರೆ, ಹೆಲಿಕಾಪ್ಟರ್ ಹತ್ತಿ ಕಲಬುರಗಿ ಕೋಟೆಯ ಮೇಲೆ ಒಂದೂವರೆ ತಾಸು ಸುಮ್ನೆ ನಿಂತಿದ್ದರೆ ಸಾಕಿತ್ತು, ಹೆಚ್ಚುಕಡಿಮೆ ನಮ್ಮದೇ ಅಕ್ಷಾಂಶದಲ್ಲಿರುವ ಒಮಾನಿನ ಸಲಾಲಾ ಊರು ತಾನಾಗಿ ಕೆಳಗೆ ಬಂದುಬಿಡುತ್ತಿತ್ತು. ವೀಸಾ ಒಂದಿದ್ದರೆ ಇಳಿಯಬಹುದಿತ್ತು! ಹಾಗಾಗಲ್ಲ, ಯಾಕಂದರೆ ಗಾಳಿಯೂ ನೆಲದ ಜೊತೆಗೇ ತಿರುಗುತ್ತದೆ. ಮೇಲಾಗಿ, ಈ ವಾದದ ಪ್ರಕಾರ ಪಶ್ಚಿಮಕ್ಕೆ ಹೋಗುವುದೇ ಬೇಗ ಆಗಬೇಕಿತ್ತು, ಅಲ್ವಾ?

ನಿಜವಾದ ಕಾರಣ ಗಾಳಿ. ವಿಮಾನ ಹಾರುವ ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ, ಅದರಲ್ಲೂ ಚಳಿಗಾಲದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಅದರ ಅತಿ ರಭಸದ ಪಟ್ಟಿಗೆ ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಕಥೆ ಬದಲಾಗುತ್ತದೆ. ಆಗ ಮೇಲಿನ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ನಮ್ಮ ದೇಶದವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದರು.

ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತಲ್ಲ, ಲೆಕ್ಕ ಚುಕ್ತಾ ಅನ್ನಿಸಬಹುದು. ಆಗಲ್ಲ. ವಿಮಾನದ ವೇಗ ತಾಸಿಗೆ 850 ಕಿ.ಮೀ., ಗಾಳಿ 100 ಅಂತ ಇಟ್ಟುಕೊಳ್ಳಿ. ಎದುರುಗಾಳಿಗೆ 750ರಲ್ಲಿ ಹೋದರೆ 204 ನಿಮಿಷ, ಗಾಳಿ ಹಿಂದಿನಿಂದ ತಳ್ಳುವಾಗ 950ರಲ್ಲಿ ಬಂದರೆ 161. ಒಟ್ಟು 365 ನಿಮಿಷ. ಗಾಳಿಯೇ ಇಲ್ಲದಿದ್ದರೆ 360 ಸಾಕಿತ್ತು. ಎದುರುಗಾಳಿಯಲ್ಲಿ ಜಾಸ್ತಿ ಹೊತ್ತು ಇರುತ್ತೀವಿ, ಹಾಗಾಗಿ ಅದರ ಏಟೇ ಜಾಸ್ತಿ. ಟಿಕೆಟ್ಟಿನ ಅವಧಿ ಇದಕ್ಕಿಂತ ಉದ್ದ ಇರುವುದು ಯಾಕಂದರೆ, ವಿಮಾನ ನಿಂತ ಜಾಗ ಬಿಟ್ಟು ರನ್‌ವೇಗೆ ತೆವಳುವುದು, ಇಳಿಯಲು ಸರದಿ ಕಾಯುವುದು, ಎಲ್ಲವೂ ಅದರಲ್ಲೇ ಸೇರಿರುತ್ತದೆ.